ಎಡಕ್ಕೆ ವಾಲಿದ ಮುದ್ರೆ

ಕಳೆದ ವಾರ ಸಿಂಗಪುರದ ಉಬಿಯಲ್ಲಿರುವ ನನ್ನ ವರ್ಕ್‌ಶಾಪಿನಲ್ಲಿ ಹಳೆಯ ಕಬ್ಬಿಣದ ಮೇಜೊಂದನ್ನು ಸಾಗಹಾಕಲೆಂದು ಡ್ರಾಯರುಗಳನ್ನು ಖಾಲಿ ಮಾಡುತ್ತಿದ್ದೆ. ಮೂರನೆಯದು ಜಾಮ್ ಆಗಿತ್ತು. ಸ್ಕ್ರೂಡ್ರೈವರ್ ತೂರಿಸಿ ಮೀಟಿದಾಗ ಹಿಂದಿನ ಮೂಲೆಯಿಂದ ಅಂಗೈಯಗಲದ ದುಂಡು ಡಬ್ಬಿಯೊಂದು ಉರುಳಿ ಮುಂದೆ ಬಂತು. ಮುಚ್ಚಳ ತೆಗೆದೆ. ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿಟ್ಟಂಥ ವಾಸನೆ, ಅದರ ಹಿಂದೆಲ್ಲೋ ಒಂದೆಳೆ ಕರ್ಪೂರ… ಮುದ್ರೆ ಒತ್ತುವ ಕೆಂಪು ಮಸಿ. ಒಣಗಿ ಬಿರುಕು ಬಿಟ್ಟಿತ್ತು, ವಾಸನೆ ಮಾತ್ರ ಹೋಗಿರಲಿಲ್ಲ. ಮೇಜು ಕೊಳ್ಳಲು ಬಂದವನು ಬೆಲೆಗಾಗಿ ಕಾಯುತ್ತಿದ್ದ. ಇಂಥ ಹೊತ್ತಿನಲ್ಲಿ ಎದುರಿನವನ ಬಾಯಿಂದಲೇ ಮೊದಲ ಅಂಕಿ ಹೊರಡಿಸಿ, ಆಮೇಲೆ ಅದನ್ನು ಕೇಳಿ ಎದೆ ಹಿಡಿದುಕೊಳ್ಳುವವನು ನಾನು. ಅವತ್ತು ಅವನು ಹೇಳಿದ ಬೆಲೆಗೇ ‘ಆಯ್ತು, ತಗೊಂಡು ಹೋಗು’ ಅಂದುಬಿಟ್ಟೆ. ನನ್ನ ಮಗಳು ತಲೆಯೆತ್ತಿ ನೋಡಿದಳು, ಅಪ್ಪನಿಗೆ ಹುಷಾರಿಲ್ಲವೇನೋ ಅನ್ನುವ ಹಾಗೆ.

ಆ ಡಬ್ಬಿಯನ್ನು ನನಗೆ ಕೊಟ್ಟವರು ಒಂದು ಜಪಾನೀ ಕಂಪನಿಯ ಸೆಕ್ಷನ್ ಮುಖ್ಯಸ್ಥರು. ಅವರ ಭಾಷೆಯಲ್ಲಿ ಆ ಹುದ್ದೆಗೆ ಕಾಚೋ ಅನ್ನುತ್ತಾರೆ. ಇಡೀ ಆಫೀಸು ಅವರನ್ನು ಕಾಚೋ ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಹೆಸರು ವಿಸಿಟಿಂಗ್ ಕಾರ್ಡಿನಲ್ಲಿತ್ತು. ಬಾಯಿಗೆ ಯಾವತ್ತೂ ಬರಲಿಲ್ಲ.

ಅದು ಎರಡು ಸಾವಿರದ ಇಸವಿಯ ನಂತರದ ಏರುಕಾಲ. ಸಿಂಗಪುರದಲ್ಲಿ ಯಾವ ಕಡೆ ತಿರುಗಿದರೂ ಕ್ರೇನು. ಹೊಸ ಕಾಂಡೋ ಅಪಾರ್ಟ್‌ಮೆಂಟ್ ಎದ್ದರೆ ಬಣ್ಣದ ಬ್ರೋಷರ್ ಬೇಕು, ಹೊಸ ಮಾಲ್ ತೆರೆದರೆ ಲಕ್ಷ ಕರಪತ್ರ ಬೇಕು. ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ನಾನು ಗದಗಿನವನು. ಹದಿನೈದು ವರ್ಷಕ್ಕೆ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಲು ಕೂತು, ಆಮೇಲೆ ಮೆಷಿನ್ ರಿಪೇರಿ ಕಲಿತು, ಆ ಕೆಲಸದ ಮೇಲೆಯೇ ಇಲ್ಲಿಗೆ ಬಂದವನು. ಕೆಲವು ವರ್ಷ ದುಡಿದು ಇಲ್ಲಿ ಕಾಯಂ ನೆಲೆಸಲು ಬಿಡುವ ಪಿಆರ್ ಸಿಕ್ಕ ಮೇಲೆ ಕೆಲಸ ಬಿಟ್ಟು ಉಬಿಯಲ್ಲಿ ಅರ್ಧ ಶೆಡ್ ಬಾಡಿಗೆಗೆ ಹಿಡಿದೆ. ಆ ಜಪಾನೀ ಕಂಪನಿ ಪ್ರಿಂಟಿಂಗ್ ಮೆಷಿನ್ ತಯಾರಿಸುತ್ತಿತ್ತು. ಅದರ ಶಾಖೆ ಪಾಯಾ ಲೆಬಾರಿನಲ್ಲಿ. ಸಿಂಗಪುರ ಮತ್ತು ಗಡಿಯಾಚೆಯ ಜೊಹೊರ್‌ನಲ್ಲಿರುವ ಅವರ ಮೆಷಿನ್‌ಗಳ ಸರ್ವಿಸ್ ಏಜೆನ್ಸಿ ನನಗೆ ಸಿಕ್ಕರೆ ನಾನು ಮನುಷ್ಯನಾದ ಹಾಗೆ. ಸಿಗದಿದ್ದರೆ ಶೆಡ್ಡಿಗೆ ಬೀಗ. ವುಡ್‌ಲ್ಯಾಂಡ್ಸ್‌ನಲ್ಲಿ ನಮ್ಮ ಮನೆ, ಕೆಳಗಿಳಿದು ಬಸ್ ಹತ್ತಿದರೆ ಗಡಿಯ ಕಾಸ್‌ವೇ ಸೇತುವೆ ದಾಟಿ ಜೊಹೊರ್. ಕಾಚೋ ಎದುರು ಕೂತ ಮೊದಲ ದಿನ ನಾನು ಮುಂದಿಟ್ಟ ಮೊದಲ ಮಾತೇ ಇದು. ವ್ಯಾಪಾರಕ್ಕೆ ಇಳಿಯುವವರು ತಿಳಿದಿರಲಿ: ನಿಮ್ಮ ಬಳಿ ಏನಿಲ್ಲವೋ ಅದನ್ನು ಮುಚ್ಚಿಡುವುದರಲ್ಲಿ ಹೊತ್ತು ಕಳೆಯಬೇಡಿ, ಏನಿದೆಯೋ ಅದನ್ನು ಮೊದಲು ಮೇಜಿನ ಮೇಲಿಡಿ.

ಅವರು ಐವತ್ತೈದು ದಾಟಿದವರು. ಸಣಕಲು ಮೈ, ಅರ್ಧ ತೋಳಿನ ಬಿಳಿ ಅಂಗಿ, ಹಣೆ ಒರೆಸಿಕೊಳ್ಳಲು ನಾಲ್ಕು ಮಡಿಕೆಯ ಪುಟ್ಟ ಟವೆಲ್. ನಾನು ಹೇಳಿದ್ದನ್ನೆಲ್ಲ ಕೇಳಿ, ಅರ್ಜಿಯ ಕೊನೆಯಲ್ಲಿ ನಾನು ಗೀಚಿದ್ದ ಸಹಿಯನ್ನು ಬಹಳ ಹೊತ್ತು ನೋಡಿದರು. ಆ ಸಹಿಯ ಬಗ್ಗೆ ನನಗೆ ಹೆಮ್ಮೆ ಇತ್ತು. ಬಾಲದಲ್ಲಿ ಎರಡು ಸುತ್ತು, ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ.

“ಇಂಗ್ಲಿಷ್ ಪ್ರತಿಗೆ ಇದು ಸಾಕು” ಅಂದರು, ನಿಧಾನದ ಇಂಗ್ಲಿಷಿನಲ್ಲಿ. “ಹೆಡ್ ಆಫೀಸಿನ ಪ್ರತಿಗೆ ನಿಮ್ಮ ಮುದ್ರೆ ಇದ್ದರೆ ಒಳ್ಳೆಯದು.”

“ಮುದ್ರೆಯನ್ನ ಯಾರು ಬೇಕಾದ್ರೂ ಕದ್ದು ಒತ್ತಬಹುದಲ್ಲ ಸರ್?” ಅಂದೆ. ಚೌಕಾಸಿ ರಕ್ತದಲ್ಲಿದೆ, ಏನು ಮಾಡಲಿ.

“ಅದಕ್ಕೇ ಅದನ್ನು ಕಾಯುತ್ತೇವೆ” ಅಂದರು ಕಾಚೋ. “ಸಹಿಯನ್ನು ಯಾರೂ ಕಾಯುವುದಿಲ್ಲ.”

ಆಮೇಲೆ ನನ್ನ ಅರ್ಜಿಯ ಮೇಲೊಂದು ಒಪ್ಪಿಗೆ ಹಾಳೆ ಸಿದ್ಧವಾಯಿತು. ಅದರ ನೆತ್ತಿಯಲ್ಲಿ ಐದು ಚೌಕದ ಒಂದು ಸಾಲು. ಬಲತುದಿಯಲ್ಲಿ ಎಲ್ಲರಿಗಿಂತ ಕಿರಿಯ ಇಂಜಿನಿಯರನ ಚೌಕ. ಅಲ್ಲಿಂದ ಎಡಕ್ಕೆ ಒಬ್ಬೊಬ್ಬರೂ ದೊಡ್ಡವರಾಗುತ್ತ ಹೋಗಿ, ಮೂರನೆಯದು ಕಾಚೋ, ನಾಲ್ಕನೆಯದು ಅವರ ಮೇಲಿನ ಮ್ಯಾನೇಜರು, ಎಡತುದಿಯಲ್ಲಿ ಶಾಖೆಯ ಮುಖ್ಯಸ್ಥರು. ಒಬ್ಬೊಬ್ಬರೂ ಹಾಳೆ ಓದಿ, ಯೋಚಿಸಿ, ತಮ್ಮ ಸಣ್ಣ ಕೆಂಪು ಮುದ್ರೆ ಒತ್ತಿ ಪಕ್ಕದವರಿಗೆ ದಾಟಿಸಬೇಕು. ಒಂದು ಟೇಬಲ್‌ನಿಂದ ಪಕ್ಕದ ಟೇಬಲ್‌ಗೆ ಹೋಗಲು ಆ ಹಾಳೆಗೆ ಒಂದು ವಾರ ಹಿಡಿಯುತ್ತಿತ್ತು. ನಾನು ಪ್ರತಿ ಗುರುವಾರ ಹೋಗಿ ಕೂರುತ್ತಿದ್ದೆ. ಫ್ರಂಟ್ ಡೆಸ್ಕಿನಲ್ಲಿ ಇಲ್ಲಿಯದೇ ಚೀನೀ ಆಂಟಿಯೊಬ್ಬರಿದ್ದರು, ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ. ನನ್ನನ್ನು ಕಂಡ ಕೂಡಲೇ ಶುರು.

“ಐಯಾ, ಮತ್ತೆ ಬಂದ್ಯಾ! ಐದು ಚಾಪ್ ಆಗ್ಬೇಕು ಲಾ. ನೀನು ದಿನಾ ಬಂದ್ರೆ ಚಾಪ್‌ಗೆ ಕಾಲು ಬರುತ್ತಾ?”

ಸಿಂಗಪುರದಲ್ಲಿ ಮುದ್ರೆಗೆ ಎಲ್ಲರೂ ಚಾಪ್ ಎಂದೇ ಅನ್ನುವುದು, ಮಾತಿನ ಬಾಲಕ್ಕೊಂದು ‘ಲಾ’ ಅಂಟಿಸುವುದು. ಆ ಆಂಟಿಗೆ ನಾನು ಮನೆಯಿಂದ ಚಕ್ಕುಲಿ ತಂದುಕೊಡುತ್ತಿದ್ದೆ. ಬಾಗಿಲಲ್ಲಿ ಕೂತವರನ್ನು ಮೊದಲು ಗೆಲ್ಲಬೇಕು, ಒಳಗಿನವರು ಆಮೇಲೆ. ಇದನ್ನು ಯಾವ ಎಂಬಿಎಯಲ್ಲೂ ಹೇಳಿಕೊಡುವುದಿಲ್ಲ.

ಮನೆಯಲ್ಲಿ ಬೇರೆ ಗಡುವು ಕೂತಿತ್ತು. ಮಗಳಿಗೆ ಆಗ ಎರಡು ವರ್ಷ. ನನ್ನ ಹೆಂಡತಿ ಒಂದು ಭಾನುವಾರ ಶೇಂಗಾ ಹುರಿಯುತ್ತ ಹೇಳಿದಳು, “ನೋಡ್ರಿ, ದೀಪಾವಳಿ ಅನ್ನೂದ್ರಾಗ ಆ ಕಾಗದ ಬರ್ಲಿಲ್ಲಂದ್ರ ಶಟರ್ ಎಳದು ಬಂದುಬಿಡ್ರಿ. ಹಳೇ ಕಂಪನ್ಯಾಗ ನಿಮ್ಮ ಖುರ್ಚಿ ಇನ್ನೂ ಖಾಲಿ ಐತಂತ.”

“ಬರತೈತಿ ಬಿಡ. ಐದ್ರಾಗ ಎರಡ ಮುದ್ರಿ ಆಗ್ಯಾವು, ಮೂರನೇದು ಈ ವಾರ.”

“ಮೂರ ಗಂಟ ಹಾಕಿದ್ರ ಲಗ್ನ ಆಗತೈತ್ರಿ. ಮೂರ ಮುದ್ರಿಗೆ ಏನಾಗತೈತಿ?”

ಮರುದಿನವೇ ಚೈನಾಟೌನ್ ಕಡೆ ಮುದ್ರೆ ಕೆತ್ತುವ ಮುದುಕನೊಬ್ಬನನ್ನು ಹುಡುಕಿಕೊಂಡು ಹೋದೆ. ನನ್ನ ಹೆಸರಿನ ಮೊದಲ ಎರಡಕ್ಷರ ಕನ್ನಡದಲ್ಲೇ ಬೇಕೆಂದು ಹಟ ಹಿಡಿದೆ. ಅಚ್ಚುಮೊಳೆ ಜೋಡಿಸಿದ ಕೈಗೆ ಉಲ್ಟಾ ಅಕ್ಷರ ಬರೆಯುವುದು ನೀರು ಕುಡಿದಷ್ಟು ಸಲೀಸು, ಬರೆದು ಕೊಟ್ಟೆ. ಅವನು ಕನ್ನಡಕ ಏರಿಸಿ ನೋಡಿ, “ಎಲ್ಲಾ ದುಂಡಗಿದೆ ಲಾ, ಬಟ್ಟಲಲ್ಲಿ ನೂಡಲ್ಸ್ ಬಿದ್ದ ಹಾಗೆ!” ಎಂದು ನಕ್ಕ. ಬೆಲೆ ಇಳಿಸಲು ಒಪ್ಪಲಿಲ್ಲ. ಬರಿಗೈಯಲ್ಲಿ ಬರುವುದು ಹೇಗೆ? ಮುದ್ರೆಯ ಮೈಮೇಲೆ ಯಾವ ಕಡೆ ಮೇಲೆಂದು ತೋರಿಸುವ ಒಂದು ಚುಕ್ಕಿಯನ್ನಾದರೂ ಪುಕ್ಕಟೆ ಕೊರೆದುಕೊಡು ಎಂದು ಗಂಟು ಬಿದ್ದೆ. ಕೊರೆದ. ಗೆದ್ದೆನೆಂದು ಹೊರಬಿದ್ದೆ.

ಆ ಗುರುವಾರ ಕಾಚೋ ನನ್ನ ಮುಖ ನೋಡಿ ಏನನ್ನಿಸಿತೋ, ಡ್ರಾಯರಿನಿಂದ ಆ ಒಪ್ಪಿಗೆ ಹಾಳೆಯನ್ನು ತೆಗೆದು ನನ್ನ ಕಡೆ ತಿರುಗಿಸಿದರು. ಹೊರಗಿನವರಿಗೆ ತೋರಿಸುವ ಕಾಗದವಲ್ಲ ಅದು. ಮೂರು ಮುದ್ರೆ ಬಿದ್ದಿದ್ದವು, ಎರಡು ಚೌಕ ಖಾಲಿ. “ಸಾಗುತ್ತಿದೆ” ಅಂದರು.

ನನ್ನ ಕಣ್ಣಿಗೆ ಬಿದ್ದದ್ದೇ ಬೇರೆ. ಮೂರಕ್ಕೆ ಮೂರೂ ಮುದ್ರೆ ಸೊಟ್ಟ! ಎಲ್ಲವೂ ಎಡಕ್ಕೆ ವಾಲಿವೆ. ನಾಲ್ಕು ಬಣ್ಣ ಒಂದರ ಮೇಲೊಂದು ಕೂದಲೆಳೆ ಆಚೀಚೆಯಾಗದಂತೆ ಕೂರಿಸುವ ಕಸುಬು ನನ್ನದು. ಸೊಟ್ಟ ಅಚ್ಚು ಕಂಡರೆ ನನಗೆ ಹಲ್ಲಿನಲ್ಲಿ ಮರಳು ಸಿಕ್ಕಿದ ಹಾಗಾಗುತ್ತದೆ. ಇಷ್ಟು ಶಿಸ್ತಿನ ಜನ ನನ್ನ ಹಾಳೆಯ ಮೇಲೆ ಮಾತ್ರ ಹೀಗೇಕೆ ಒತ್ತಿದರು? ಕಾಟಾಚಾರಕ್ಕೆ ಒತ್ತಿದ್ದಾರೆ, ಹೆಡ್ ಆಫೀಸಿನವರು ನೋಡಿದ ಕೂಡಲೇ ಪಕ್ಕಕ್ಕೆಸೆಯುತ್ತಾರೆ ಅನ್ನಿಸಿತು. ಕಾಚೋಗೆ ಹೇಳಲು ಸಂಕೋಚ, ಅವರದ್ದೂ ಸೊಟ್ಟವೇ ಇತ್ತಲ್ಲ. ಅಷ್ಟರಲ್ಲಿ ನನ್ನ ಅದೃಷ್ಟ ನೋಡಿ, ಕೆಳಗಿಳಿಯುವಾಗ ಲಿಫ್ಟಿನಲ್ಲಿ ಶಾಖೆಯ ಮುಖ್ಯಸ್ಥರೇ ಸಿಕ್ಕರು. ಸಿಕ್ಕ ಅವಕಾಶ ಬಿಡಬಾರದು ಅನ್ನುವುದು ನನ್ನ ಹಳೆಯ ಸೂತ್ರ.

“ಸರ್, ಒಂದು ಸಣ್ಣ ರಿಕ್ವೆಸ್ಟ್. ನನ್ನ ಪೇಪರ್ ಮೇಲೆ ಮುದ್ರೆಗಳೆಲ್ಲ ಸೊಟ್ಟ ಬಿದ್ದಿವೆ. ಹೊಸ ಹಾಳೆ ಮೇಲೆ ನೆಟ್ಟಗೆ ಹಾಕಿಸಿದ್ರೆ…”

“ಸೊಟ್ಟ?”

“ಹೌದು ಸರ್. ಮೂರೂ. ಕಾಚೋದು ಸೇರಿ.”

ಅವರು ನನ್ನನ್ನೊಮ್ಮೆ ನೋಡಿ, “ಹೇಳಿದ್ದಕ್ಕೆ ಥ್ಯಾಂಕ್ಸ್” ಅಂದರು. ನಾನದನ್ನು ಮೆಚ್ಚುಗೆ ಎಂದುಕೊಂಡೆ…

ಮರುದಿನ ಬೆಳಿಗ್ಗೆಯೇ ಆಂಟಿಯ ಫೋನು. “ಈಗಿಂದೀಗ್ಲೇ ಬಾ” ಅಂದರು. ಹೋದೆ. ಆಫೀಸು ಸಾವಿನ ಮನೆಯ ಹಾಗಿತ್ತು. ಕಾಚೋ ಕುರ್ಚಿ ಖಾಲಿ, ಮುಖ್ಯಸ್ಥರ ಕೋಣೆಯ ಬಾಗಿಲು ಮುಚ್ಚಿತ್ತು.

“ನೀನು ಆಹ್, ಬಾಯಿ ತುಂಬಾ ಫಾಸ್ಟ್!” ಆಂಟಿ ಮೇಜಿನ ಮೇಲಿದ್ದ ಮೂರು ರಬ್ಬರ್ ಸ್ಟಾಂಪುಗಳನ್ನು ಸಾಲಾಗಿ ನಿಲ್ಲಿಸಿದರು. ಎಡಕ್ಕೆ ಟೀ ಮಗ್ ಇಟ್ಟರು. “ಇದು ದೊಡ್ಡ ಬಾಸ್. ಇವರೆಲ್ಲ ಕೆಳಗಿನವರು.” ಒಂದೊಂದೇ ಸ್ಟಾಂಪನ್ನು ಮಗ್ಗಿನ ಕಡೆ ವಾಲಿಸಿದರು. “ಏನು ಮಾಡ್ತಿದ್ದಾರೆ ಹೇಳು?”

ನೋಡಿದೆ. ನಮಸ್ಕಾರ ಮಾಡುತ್ತಿದ್ದರು. ಕೆಳಗಿನವನ ಮುದ್ರೆ ಮೇಲಿನವನ ಚೌಕದ ಕಡೆ ತಲೆಬಾಗಬೇಕು. ಹಳೆಯ ಆಫೀಸುಗಳ ಮರ್ಯಾದೆ ಅದು. ನಾನು ಹೋಗಿ ಯಾರಿಗೆ ನಮಸ್ಕಾರ ಸಲ್ಲುತ್ತಿತ್ತೋ ಅವರನ್ನೇ ಹಿಡಿದು, ನಿಮ್ಮವರ ನಮಸ್ಕಾರ ಸರಿಯಿಲ್ಲ ಎಂದು ದೂರಿದ್ದೆ. ಹೊರಗಿನವನಿಗೆ ಒಳಗಿನ ಹಾಳೆ ತೋರಿಸಿದ ತಪ್ಪೂ ಕಾಚೋ ತಲೆಗೆ ಬಂದಿತ್ತು.

“ಹಾಳೆ ಕ್ಯಾನ್ಸಲ್” ಅಂದರು ಆಂಟಿ. “ಬಾಸ್ ಏನಂದ್ರು ಗೊತ್ತಾ? ನಮ್ಮ ಕಾಗದ ಓದೋಕೆ ಬರದವನು ನಮ್ಮ ಮೆಷಿನ್ ಹೇಗೆ ನೋಡ್ಕೋತಾನೆ ಅಂತ.”

ದೀಪಾವಳಿಗೆ ಮೂರು ವಾರ. ನಮ್ಮವರ ಅಂಗಡಿಗಳಿರುವ ಸಿರಂಗೂನ್ ರಸ್ತೆಗೆ ಆಗಲೇ ದೀಪದ ಕಮಾನುಗಳು ಏರಿದ್ದವು. ಮನೆಗೆ ಹೋಗಿ ಏನು ಹೇಳಲಿ? ಮಧ್ಯಾಹ್ನ ಹತ್ತಿರದ ಹಾಕರ್ ಸೆಂಟರಿನ ಊಟದಂಗಡಿಗಳ ಸಾಲಿಗೆ ಹೋದೆ, ಕಾಚೋ ಅಲ್ಲೇ ಊಟ ಮಾಡುವುದು ಗೊತ್ತಿತ್ತು. ಒಬ್ಬರೇ ಕೂತು ಮೀನಿನ ಸೂಪು ಕುಡಿಯುತ್ತಿದ್ದರು. ಎದುರಿಗೆ ಹೋಗಿ ನಿಂತೆ. ಜೀವಮಾನದಲ್ಲಿ ಮೊದಲ ಸಲ ಕೈಯಲ್ಲಿ ಯಾವ ಎಲೆಯೂ ಇಲ್ಲದೆ ಆಟಕ್ಕೆ ಬಂದಿದ್ದೆ. ತಪ್ಪಾಯಿತು ಅಂದೆ. ಕೂರಲು ಸನ್ನೆ ಮಾಡಿದರು. ಸೂಪು ಮುಗಿಸಿ, ಟವೆಲಿನಿಂದ ಬಾಯಿ ಒರೆಸಿಕೊಂಡು ಒಂದು ಪ್ರಶ್ನೆ ಕೇಳಿದರು.

“ಎಷ್ಟು ಡಿಗ್ರಿ ವಾಲಿದ್ದವು?”

ತಮಾಷೆಯೋ ಎಂದು ನೋಡಿದೆ. ಅಲ್ಲ. ಕಣ್ಣು ಮುಚ್ಚಿ ಹಾಳೆಯನ್ನು ನೆನೆಸಿಕೊಂಡೆ. “ಬಲತುದಿಯದು ಹತ್ತಿರ ಹತ್ತಿರ ಹದಿನೈದು. ಅದರ ಪಕ್ಕದ್ದು ಹತ್ತು. ನಿಮ್ಮದು… ಐದು. ಐದಕ್ಕೂ ಸ್ವಲ್ಪ ಕಮ್ಮಿ.”

ಅವರು ನಕ್ಕರು. ಭುಜ ಕುಲುಕುವಷ್ಟು ನಕ್ಕರು. ನಾನದನ್ನು ನೋಡಿದ್ದು ಅದೇ ಮೊದಲು. “ಸರಿಯಾಗಿದೆ. ಹೊಸಬ ಜಾಸ್ತಿ ಬಾಗಬೇಕು. ನನಗೆ ಬೆನ್ನು ನೋವು.”

ಅಷ್ಟೇ ಮಾತು. ಎದ್ದು ಟ್ರೇ ಎತ್ತಿಕೊಂಡು ಹೊರಟುಹೋದರು.

ಮುಂದಿನದ್ದನ್ನು ನನಗೆ ಹೇಳಿದವರು ಆಂಟಿ. ಕಾಚೋ ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದರಂತೆ. ಬಾಗಿಲು ಹಾಕಲಿಲ್ಲವಂತೆ. ‘ಅವನಿಗೆ ನಮ್ಮ ಪದ್ಧತಿ ಗೊತ್ತಿಲ್ಲ, ಅದನ್ನು ಒಂದು ದಿನದಲ್ಲಿ ಕಲಿಸಬಹುದು. ಆದರೆ ಒಂದೇ ಒಂದು ಸಲ ನೋಡಿದ ಹಾಳೆಯಲ್ಲಿ ಐದು ಡಿಗ್ರಿ ವಾಲಿದ್ದನ್ನು ಹಿಡಿಯುವ ಕಣ್ಣನ್ನು ಯಾರೂ ಕಲಿಸಲಾರರು. ನಾವು ಮಾರುತ್ತಿರುವುದು ಪ್ರಿಂಟಿಂಗ್ ಮೆಷಿನ್’ ಅಂದರಂತೆ. ಮುಖ್ಯಸ್ಥರು ‘ಹಾಗಾದರೆ ಹೊಸ ಹಾಳೆ ತೆಗೆಯಿರಿ’ ಅಂದರಂತೆ.

ಹೊಸ ಹಾಳೆ ಮತ್ತೆ ಬಲತುದಿಯಿಂದ ಹೊರಟಿತು. ಈ ಸಲ ಕಾಚೋ ತಾವೇ ಕೈಯಲ್ಲಿ ಹಿಡಿದು ಟೇಬಲಿನಿಂದ ಟೇಬಲಿಗೆ ಒಯ್ದರು. ಕಿರಿಯ ಇಂಜಿನಿಯರ್ ಬಾಗಿಸಿ ಒತ್ತಿದ. ಎರಡನೆಯವನೂ ಬಾಗಿಸಿ ಒತ್ತಿದ. ಕಾಚೋ ತಮ್ಮ ಮುದ್ರೆಯನ್ನು ಸ್ಕೇಲ್ ಹಿಡಿದ ಹಾಗೆ ನೆಟ್ಟಗೆ ಒತ್ತಿದರು. ಮೂವತ್ತು ವರ್ಷದ ನೌಕರಿಯಲ್ಲಿ ಅದೇ ಮೊದಲಂತೆ.

“ಅದಕ್ಕೇನರ್ಥ ಆಂಟಿ?”

“ಬಗ್ಗಿ ಒತ್ತಿದ್ರೆ ಬಾಸ್ ಹಿಂದೆ ನಿಂತ ಹಾಗೆ. ನೆಟ್ಟಗೆ ಒತ್ತಿದ್ರೆ ಒಬ್ಬನೇ ಮುಂದೆ ನಿಂತ ಹಾಗೆ ಲಾ” ಅಂದರು ಆಂಟಿ, ಚಕ್ಕುಲಿ ಮುರಿಯುತ್ತ. “ನೀನು ಒಂದು ಮೆಷಿನ್ ಹಾಳು ಮಾಡಿದ್ರೂ ಅವರ ತಲೆ. ನೆನಪಿಟ್ಕೋ.”

ನೆನಪಿಟ್ಟುಕೊಂಡೆ. ನನ್ನ ವರ್ಕ್‌ಶಾಪಿನಿಂದ ಹೊರಬಿದ್ದ ಯಾವ ರೋಲರನ್ನೂ ಎರಡು ಸಲ ಅಳೆಯದೆ ಕಳಿಸಿದ್ದಿಲ್ಲ.

ಹೆಡ್ ಆಫೀಸಿನ ಒಪ್ಪಿಗೆ ಬಂದದ್ದು ದೀಪಾವಳಿಗೆ ಎರಡು ದಿನ ಮೊದಲು. ಸಹಿಗೆ ಹೋದ ದಿನ ನಾನು ಹೊಸ ಮುದ್ರೆಯನ್ನು ಹೆಮ್ಮೆಯಿಂದ ಹೊರತೆಗೆದೆ. ಕಾಚೋ ಅದನ್ನು ಬೆರಳಲ್ಲಿ ತಿರುಗಿಸಿ, ಪುಕ್ಕಟೆ ಕೊರೆಸಿದ್ದ ಆ ಚುಕ್ಕಿಯನ್ನು ಕಂಡು, “ಇದು ಯಾಕೆ?” ಅಂದರು.

“ನೋಡ್ದೇನೇ ಬೇಗ ಒತ್ತಬಹುದಲ್ಲ ಸರ್.”

ಅವರು ಡ್ರಾಯರಿನಿಂದ ಸಣ್ಣ ಅರದ ಕಡ್ಡಿ ತೆಗೆದು, ನನ್ನೆದುರೇ ಆ ಚುಕ್ಕಿಯನ್ನು ಉಜ್ಜಿ ಸವೆಸಿದರು. “ದೊಡ್ಡ ಕಾಗದಕ್ಕೆ ಒತ್ತುವ ಮುದ್ರೆಗೆ ಗುರುತು ಇರಬಾರದು. ಗುರುತಿಲ್ಲದಿದ್ದರೆ ಒತ್ತುವ ಮೊದಲು ತಿರುಗಿಸಿ ನೋಡಲೇಬೇಕು. ಆ ಒಂದು ಉಸಿರಿನಲ್ಲಿ ಬೇಡ ಅನ್ನಿಸಿದರೆ ಕೆಳಗಿಡಬಹುದು.” ಮುದ್ರೆಯ ಜೊತೆಗೆ ಈ ಕೆಂಪು ಮಸಿಯ ಡಬ್ಬಿಯನ್ನೂ ನನ್ನ ಕಡೆ ಸರಿಸಿದರು. ನನ್ನ ಚೌಕಾಸಿಯ ಬದುಕಿನಲ್ಲಿ ಬೆಲೆ ಕೇಳದೆ ತೆಗೆದುಕೊಂಡ ಮೊದಲ ವಸ್ತು ಅದು. ಮುದ್ರೆಯನ್ನು ತಿರುಗಿಸಿ ನೋಡಿದೆ, ಒಂದು ಉಸಿರೆಳೆದೆ. ಬೇಡ ಅನ್ನಿಸಲಿಲ್ಲ. ಕನ್ನಡದ ಎರಡಕ್ಷರ ಆ ಜಪಾನೀ ಕಾಗದದ ಮೇಲೆ ಗದಗಿನ ಪ್ರೆಸ್ಸಿನ ಮರ್ಯಾದೆಗೆ ತಕ್ಕಂತೆ ನೆಟ್ಟಗೆ ಕೂತವು.

ಆ ಸಂಜೆ ಮನೆಯಲ್ಲಿ ನನ್ನ ಹೆಂಡತಿ ಒಪ್ಪಂದದ ಪ್ರತಿಯನ್ನು ದೇವರ ಮುಂದಿಟ್ಟು, ಮುದ್ರೆಯನ್ನು ಬೆರಳಿಂದ ಮುಟ್ಟಿ ನೋಡಿ, “ಕುಂಕುಮ ಹಚ್ಚೂ ಕೆಲಸ ಅವರ ಮಾಡಿ ಕಳಿಸ್ಯಾರಲ್ರೀ” ಅಂದಳು.

ಮೂರು ವರ್ಷ ಕಾಚೋ ಕೈಕೆಳಗೆ ಕೆಲಸ ಮಾಡಿದೆ. ಆಮೇಲೆ ನಿವೃತ್ತಿಯಾಗಿ ಊರಿಗೆ ಹೋದರು. ಹೋಗುವ ದಿನ ನಾನು ಬಾಗಿ ನಮಸ್ಕರಿಸಿದೆ, ಅವರು “ಎಷ್ಟು ಡಿಗ್ರಿ?” ಅಂದರು. ಪ್ರತಿ ಹೊಸ ವರ್ಷಕ್ಕೆ ಅವರಿಂದ ಒಂದು ಕಾರ್ಡ್ ಬರುತ್ತಿತ್ತು, ಎರಡು ಸಾಲು ಇಂಗ್ಲಿಷ್, ಕೆಳಗೆ ಸಣ್ಣ ದುಂಡು ಕೆಂಪು ಮುದ್ರೆ. ನಾನು ಉತ್ತರ ಬರೆಯುತ್ತಿದ್ದೆ, ಕೆಲವು ಸಲ ಕೆಲಸದ ಗಡಿಬಿಡಿಯಲ್ಲಿ ಬರೆಯುತ್ತಿರಲಿಲ್ಲ… ಒಂದು ವರ್ಷ ಕಾರ್ಡು ಹೊಸ ವರ್ಷಕ್ಕೆ ಬಹಳ ಮೊದಲೇ ಬಂತು. ಬೂದು ಬಣ್ಣದ ಜಪಾನೀ ಅಕ್ಷರ, ಎಲ್ಲೂ ಕೆಂಪಿರಲಿಲ್ಲ. ನನಗೆ ಓದಲು ಬರಲಿಲ್ಲ. ಆಂಟಿಯೂ ಆಗ ಕೆಲಸ ಬಿಟ್ಟಿದ್ದರು. ಅವರ ಫ್ಲ್ಯಾಟಿನ ಕೆಳಗಿನ ತೆರೆದ ಪಡಸಾಲೆ, ವಾಯ್ಡ್ ಡೆಕ್ಕಿನಲ್ಲಿ ಕೂತು ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: “ಅವರ ಹೆಂಡತಿ ಬರೆದಿರೋದು. ಯಜಮಾನರು ತೀರಿಕೊಂಡಿದ್ದಾರೆ, ಈ ಸಲ ಹೊಸ ವರ್ಷದ ಶುಭಾಶಯ ಕಳಿಸೋದಿಲ್ಲ, ಕ್ಷಮಿಸಿ ಅಂತ.” ಸತ್ತದ್ದಕ್ಕೆ ಕ್ಷಮೆ ಕೇಳುವ ಜನ…

ಈಗ ನನ್ನ ಮಗಳೇ ಅಂಗಡಿಯ ಅರ್ಧ ಯಜಮಾನಿ. ಎಲ್ಲ ಒಪ್ಪಂದವೂ ಫೋನಿನಲ್ಲೇ ಬರುತ್ತದೆ. ಕಳೆದ ವಾರ ಆ ಮೇಜು ಹೊರಗೆ ಹೋದ ಮೇಲೆ ಒಂದು ಹೊಸ ಒಪ್ಪಂದವನ್ನು ನನ್ನೆದುರು ಹಿಡಿದು, “ಅಪ್ಪಾ, ಇಲ್ಲಿ ಟ್ಯಾಪ್ ಮಾಡಿ ಲಾ, ಸೈನ್ ಆಯ್ತು” ಅಂದಳು. ನಾನು ಬೆರಳೆತ್ತಿ ಹಾಗೇ ನಿಂತೆ. ಒಂದು ಉಸಿರು. ಅವಳೂ ಕಾದಳು, ಅಪ್ಪನ ಈ ಚಾಳಿ ಅವಳಿಗೆ ಗೊತ್ತು. ಅವಳೇ ತಿರುಗಿಸಿ ಮತ್ತೊಮ್ಮೆ ಓದಿದಳು. ಈ ಒಂದು ಉಸಿರು ನನ್ನನ್ನು ಎಷ್ಟೋ ಕೆಟ್ಟ ವ್ಯವಹಾರಗಳಿಂದ ಉಳಿಸಿದೆ. ಕಿರಿಯರಿಗೆ ನಾನು ಕೊಡುವ ಉಪದೇಶಗಳಲ್ಲಿ ಇದೊಂದು ಮಾತ್ರ ನನ್ನದಲ್ಲ.

ಮನೆಗೆ ಬಂದು ಡಬ್ಬಿಯ ಒಣಮಸಿಗೆ ಎರಡು ಹನಿ ಹರಳೆಣ್ಣೆ ಬಿಟ್ಟು ಕಡ್ಡಿಯಿಂದ ಕಲಸಿದೆ. ಮೊದಲು ಪುಡಿಪುಡಿಯಾಯಿತು, ಆಮೇಲೆ ಮೆಲ್ಲಗೆ ಒಂದುಗೂಡಿ ಹೊಳೆಯತೊಡಗಿತು. ನನ್ನ ಕಾಲಕ್ಕೆ ಮುಗಿದು ಮಗಳ ಕಾಲಕ್ಕೂ ಮಿಗುವಷ್ಟಿದೆ. ಅವರ ಕೊನೆಯ ಹೊಸ ವರ್ಷದ ಕಾರ್ಡನ್ನು ಹುಡುಕಿ ತೆಗೆದೆ. ಅವರ ದುಂಡು ಮುದ್ರೆ ಕೆಂಪಾಗಿಯೇ ಇತ್ತು, ಅದರ ಬಲಕ್ಕೆ ಹೆಬ್ಬೆರಳಗಲ ಜಾಗ ಖಾಲಿ. ನನ್ನ ಮುದ್ರೆಯನ್ನು ತಿರುಗಿಸಿ ನೋಡಿದೆ, ಮಸಿಗೆ ತಾಗಿಸಿದೆ, ಆ ಖಾಲಿ ಜಾಗದಲ್ಲಿ ಒತ್ತಿದೆ.

ಎಡಕ್ಕೆ ವಾಲಿಸಿ. ಹದಿನೈದು ಡಿಗ್ರಿ.